ಶಾಲೆಯ ಸುಧಾರಣೆಯಲ್ಲಿ ಉಪಾಧ್ಯಾಯರ ಪಾಲು

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಬಂಧುಗಳಲ್ಲಿ ಮಕ್ಕಳೊಂದಿಗರು ಬಹಳ ಮಂದಿ. ಕೆಲವರ ಮಕ್ಕಳು ಇಲ್ಲಿಯ ನಗರಪಾಲಿಕೆಯ ಶಾಲೆಗೆ ಹೋಗುತ್ತಾರೆ. ಕೆಲವರ ಮಕ್ಕಳು ಊರಲ್ಲಿ ಅಜ್ಜ-ಅಜ್ಜಿಯರ ಬಳಿಯಿದ್ದು ಅಲ್ಲಿಯ ಸರಕಾರಿ ಶಾಲೆಯಲ್ಲಿ ಓದುತ್ತಾರೆ. ಪತ್ರಿಕೆ ಮಡಿಚಿಟ್ಟು ಮಾತಿಗೆ ಕುಳಿತರೆ ಶಾಲೆಯ ವಿಷಯ ಬಂದೇ ಬರುತ್ತದೆ. “ಮೂರನೆಯ ಇಯತ್ತೆಗೆ ಬಂದರೂ ಹುಡುಗನಿಗೆ ಅಕ್ಷರ ಕೂಡಿಸಿ ಓದಲು ಬಾರದು” ಎಂದು ಒಬ್ಬರು. “ಮಾಸ್ತರರು ಯಾವಾಗ ನೋಡಿದರೂ ಯಾವುದೋ ತಖ್ತೆ ತುಂಬುತ್ತಿರುತ್ತಾರೆ” ಎಂದು ಇನ್ನೊಬ್ಬರು. “ಪಗಾರ ಮಾತ್ರ ತಿಂಗಳಿಗೆ ಸರಿಯಾಗಿ ಎಣಿಸಿಕೊಳ್ಳುತ್ತಾರೆ” ಎಂದು ಮೂರನೆಯವರು.

ಈ ದೂರುಗಳಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಆದರೆ ಒಂದು ಸಂಗತಿಯನ್ನು ನಾವು ಮರೆಯುತ್ತೇವೆ. ಶಾಲೆ ಹೇಗಿರಬೇಕೆಂದು ಮಂತ್ರಿಗಳು ಹೇಳುತ್ತಾರೆ, ಅಧಿಕಾರಿಗಳು ಹೇಳುತ್ತಾರೆ, ಪತ್ರಿಕೆಯವರು ಹೇಳುತ್ತಾರೆ, ನಾವೂ ಹೇಳುತ್ತೇವೆ. ದಿನಕ್ಕೆ ಐದಾರು ತಾಸು ಮಕ್ಕಳೆದುರು ನಿಲ್ಲುವ ಉಪಾಧ್ಯಾಯರನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವರನ್ನು ಕೇಳದೆ ಶಾಲೆಯನ್ನು ಸುಧಾರಿಸಲು ಆಗದು ಎಂಬುದೇ ಈ ಲೇಖನದ ಮುಖ್ಯ ಮಾತು. ಇದು ಉಪಾಧ್ಯಾಯರ ಪರವಾದ ವಕೀಲಿಯಲ್ಲ. ನಮ್ಮ ಮಕ್ಕಳ ಹಿತದ ಮಾತು.

ಕೆಲಸ ಮಾಡುವವನಿಗೇ ಕೆಲಸದ ತೊಡಕು ಗೊತ್ತು

ನಾವೆಲ್ಲ ದುಡಿದು ಉಣ್ಣುವವರು. ಹೋಟೆಲಿನ ಅಡಿಗೆ ಮನೆಯಲ್ಲಿ ಒಲೆಯನ್ನು ಯಾವ ಮೂಲೆಯಲ್ಲಿಟ್ಟರೆ ಕೆಲಸ ಸಾಗುತ್ತದೆಂಬುದು ದೋಸೆ ಹೊಯ್ಯುವವನಿಗೆ ಗೊತ್ತು. ಗಲ್ಲಾಪೆಟ್ಟಿಗೆಯ ಮೇಲೆ ಕುಳಿತವರಿಗೆ ಅದು ಹೊಳೆಯದಿರಬಹುದು. ಕಚೇರಿಯಲ್ಲಿ ದೊಡ್ಡ ಸಾಹೇಬರು ಒಂದು ದಿನ ಲೆಕ್ಕದ ಪುಸ್ತಕದ ಕಲಮುಗಳನ್ನೆಲ್ಲ ಬದಲಿಸಿಬಿಡುತ್ತಾರೆ. ಅದರಿಂದ ಒಂದೇ ಅಂಕಿಯನ್ನು ಮೂರು ಕಡೆ ಬರೆಯಬೇಕಾಗುವುದು ಕಾರಕೂನನಿಗೆ ಮಾತ್ರ ಗೊತ್ತು. ಅವನನ್ನು ಮೊದಲೇ ಒಂದು ಮಾತು ಕೇಳಿದ್ದರೆ ಎಷ್ಟು ವೇಳೆ ಉಳಿಯುತ್ತಿತ್ತು!

ಶಾಲೆಯೂ ಇಂಥದೇ ಒಂದು ಕೆಲಸದ ಜಾಗ. ಉಪಾಧ್ಯಾಯರ ಕೆಲಸದ ಪರಿಸ್ಥಿತಿಯೆಂದರೆ ನಾವು ಕೂಡಲೇ ಪಗಾರವನ್ನು ನೆನೆಯುತ್ತೇವೆ. ಪಗಾರ ಮುಖ್ಯವೇ. ವರ್ಷಗಟ್ಟಲೆ ಗುತ್ತಿಗೆಯ ಮೇಲೆ, ಮುಂದಿನ ಜೂನ್ ತಿಂಗಳಲ್ಲಿ ಕೆಲಸ ಉಳಿಯುವುದೋ ಇಲ್ಲವೋ ಎಂಬ ಚಿಂತೆಯಲ್ಲಿ ಇರುವವರು ಮನಸ್ಸಿಟ್ಟು ಕಲಿಸುವುದು ಕಷ್ಟ. ಆದರೆ ಪಗಾರದ ಹೊರಗೂ ಹಲವು ಸಂಗತಿಗಳಿವೆ. ಒಂದು ಕೋಣೆಯಲ್ಲಿ ಎಷ್ಟು ಮಕ್ಕಳು? ಒಬ್ಬರೇ ಎಷ್ಟು ಇಯತ್ತೆಗಳನ್ನು ನೋಡಿಕೊಳ್ಳಬೇಕು? ನಾಳೆಯ ಪಾಠಕ್ಕೆ ಸಿದ್ಧವಾಗಲು ವೇಳೆಯುಂಟೇ? ಮಾಡಿದ ಚಿತ್ರಪಟವನ್ನು ಇಡಲು ಕಪಾಟುಂಟೇ? ಹೆಂಗಸರಿಗೆ ಶೌಚಗೃಹವುಂಟೇ? ಕಷ್ಟವಿದ್ದರೆ ಮುಖ್ಯೋಪಾಧ್ಯಾಯರ ಮುಂದೆ ಹೆದರದೆ ಹೇಳಬಹುದೇ? ಇವೆಲ್ಲ ಸೇರಿದರೆ ಕೆಲಸದ ಪರಿಸ್ಥಿತಿಯಾಗುತ್ತದೆ. ಉಪಾಧ್ಯಾಯರಿಗೆ ಇದು ಕೆಲಸದ ಪರಿಸ್ಥಿತಿ, ಮಗುವಿಗೆ ಇದೇ ಕಲಿಕೆಯ ಪರಿಸ್ಥಿತಿ. ಎರಡನ್ನೂ ಬೇರೆ ಮಾಡಿ ನೋಡಲಾಗದು.

ಜಗತ್ತಿನ ರಾಷ್ಟ್ರಗಳು ಈ ಮಾತನ್ನು ಬಹಳ ಹಿಂದೆಯೇ ಒಪ್ಪಿವೆ. 1966ರ ಅಕ್ಟೋಬರ್ 5ರಂದು ಪ್ಯಾರಿಸ್ ನಗರದಲ್ಲಿ ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳ ಆಶ್ರಯದಲ್ಲಿ ಉಪಾಧ್ಯಾಯರ ಸ್ಥಾನಮಾನದ ಬಗ್ಗೆ ಒಂದು ದೀರ್ಘ ಶಿಫಾರಸು ಅಂಗೀಕಾರವಾಯಿತು. ಶಾಲೆಯ ವ್ಯವಸ್ಥೆ, ಪಾಠಕ್ರಮ, ಕೆಲಸದ ತಾಸುಗಳು ಮೊದಲಾದುವನ್ನು ಗೊತ್ತುಪಡಿಸುವಾಗ ಉಪಾಧ್ಯಾಯರೊಡನೆ ಆಲೋಚಿಸಬೇಕು, ಒಂದೊಂದು ಮಗುವಿನ ಕಡೆಗೂ ಗಮನ ಕೊಡಲು ಆಗುವಷ್ಟೇ ಮಕ್ಕಳು ತರಗತಿಯಲ್ಲಿರಬೇಕು ಎಂಬುದು ಅದರ ಸಾರಾಂಶದ ಒಂದು ಭಾಗ. 1994ರಿಂದ ಅದೇ ಅಕ್ಟೋಬರ್ 5 ವಿಶ್ವ ಉಪಾಧ್ಯಾಯರ ದಿನವಾಗಿದೆ. ಆದರೆ ಅದು ಶಿಫಾರಸೇ ಹೊರತು ಕಾನೂನಲ್ಲ. ಒಂದು ಶಾಲೆಯಲ್ಲಿ ಅದು ನಡೆಯುವುದೋ ಇಲ್ಲವೋ ಎಂಬುದು ಆ ಶಾಲೆಯ ಸುತ್ತಲಿನವರ ಮೇಲೆ ನಿಂತಿದೆ.

ಹೆಗ್ಗಡದೇವನಕೋಟೆಯ ಉದಾಹರಣೆ

ಉಪಾಧ್ಯಾಯರನ್ನು ಕೇಳಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ; ನಮ್ಮ ನಾಡಿನಲ್ಲಿಯೇ ಉದಾಹರಣೆಯಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕು ಕಬಿನಿ ಜಲಾಶಯದ, ಕಾಡಿನಂಚಿನ ಪ್ರದೇಶ. ಜೇನುಕುರುಬರು, ಕಾಡುಕುರುಬರು ಇರುವ ಹಾಡಿಗಳು ಅಲ್ಲಿವೆ. ಇಂಥ ಕಡೆಯ ಸಣ್ಣ ಶಾಲೆಗಳಲ್ಲಿ ಒಬ್ಬರೋ ಇಬ್ಬರೋ ಉಪಾಧ್ಯಾಯರು ಎಲ್ಲ ಇಯತ್ತೆಗಳನ್ನೂ ನಡೆಸಬೇಕು. ಒಂದನೆಯವರಿಗೆ ಅಕ್ಷರ ತಿದ್ದಿಸುವಾಗ ಮೂರನೆಯವರು ಸುಮ್ಮನೆ ಕುಳಿತಿರಬೇಕು. ಜೇನಿನ ಕಾಲದಲ್ಲಿ, ಸುಗ್ಗಿಯ ಕಾಲದಲ್ಲಿ ಹದಿನೈದು ದಿನ ಶಾಲೆ ತಪ್ಪಿಸಿಕೊಂಡ ಹುಡುಗ ಮರಳಿ ಬಂದರೆ ಪಾಠ ಮುಂದೆ ಹೋಗಿರುತ್ತದೆ. ಅವನಿಗೆ ಏನೂ ತಿಳಿಯುವುದಿಲ್ಲ, ನಾಚಿಕೆಯಾಗುತ್ತದೆ, ಕೊನೆಗೆ ಶಾಲೆ ಬಿಡುತ್ತಾನೆ.

1995ರಲ್ಲಿ ಯುನಿಸೆಫ್ ನೆರವಿನಿಂದ ಈ ತಾಲ್ಲೂಕಿನಲ್ಲಿ ಒಂದು ಹೊಸ ಪ್ರಯೋಗ ಪ್ರಾರಂಭವಾಯಿತು. ಅಧಿಕಾರಿಗಳು ಮೇಲಿನಿಂದ ಒಂದು ಸುತ್ತೋಲೆ ಕಳಿಸಿ ಸುಮ್ಮನಾಗಲಿಲ್ಲ. ತಾಲ್ಲೂಕಿನ ಕೆಲವು ಪ್ರಾಥಮಿಕ ಉಪಾಧ್ಯಾಯರನ್ನು ಆಂಧ್ರದ ಮದನಪಲ್ಲಿಯ ಹತ್ತಿರವಿರುವ ರಿಷಿ ವ್ಯಾಲಿಯ ಹಳ್ಳಿಶಾಲೆಗಳಿಗೆ ಕಳಿಸಿದರು. ಅಲ್ಲಿ ಒಬ್ಬರೇ ಉಪಾಧ್ಯಾಯರು ಬೇರೆಬೇರೆ ಮಟ್ಟದ ಮಕ್ಕಳಿಗೆ ಒಂದೇ ಕೋಣೆಯಲ್ಲಿ ಕಲಿಸುವ ಕ್ರಮವನ್ನು ಇವರು ಕಣ್ಣಾರೆ ಕಂಡರು. ಮರಳಿ ಬಂದು ತಾವೇ ಕೂಡಿ ಕುಳಿತು, ತಮ್ಮ ಕಡೆಯ ಹಾಡು, ಕಥೆ, ಆಟಗಳನ್ನು ಸೇರಿಸಿ ಕನ್ನಡದಲ್ಲಿ ಕಲಿಕೆಯ ಕಾರ್ಡುಗಳನ್ನು ಸಿದ್ಧಮಾಡಿದರು. ಇದೇ ಮುಂದೆ ‘ನಲಿ-ಕಲಿ’ ಎಂದು ಹೆಸರಾಯಿತು.

ಇದರ ಕ್ರಮ ಸರಳವಾದುದು. ಪಾಠಗಳನ್ನು ಸಣ್ಣಸಣ್ಣ ಮೆಟ್ಟಿಲುಗಳಾಗಿ ಒಡೆದು ಒಂದು ‘ಕಲಿಕಾ ಏಣಿ’ಯನ್ನು ಗೋಡೆಗೆ ತೂಗುಹಾಕುತ್ತಾರೆ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ತಾನೇ ನೋಡಿಕೊಂಡು ಆ ಕಾರ್ಡನ್ನು ತೆಗೆದುಕೊಳ್ಳುತ್ತದೆ. ಮಕ್ಕಳು ‘ತಟ್ಟೆ’ ಎಂಬ ಗುಂಪುಗಳಲ್ಲಿ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಒಂದು ತಟ್ಟೆಗೆ ಉಪಾಧ್ಯಾಯರ ಪೂರ್ಣ ಸಹಾಯ, ಇನ್ನೊಂದಕ್ಕೆ ಸ್ವಲ್ಪ ಸಹಾಯ, ಮತ್ತೊಂದರಲ್ಲಿ ಗೆಳೆಯರ ಸಹಾಯ, ಕಡೆಯದರಲ್ಲಿ ತಾನೇ ಕಲಿಯುವುದು. ಮಕ್ಕಳ ಕೈಗೆಟಕುವಂತೆ ಗೋಡೆಯ ಕೆಳಭಾಗದಲ್ಲಿ ಕಪ್ಪುಹಲಗೆ. ತಲೆಯ ಮೇಲೆ ಚಪ್ಪರದಂತೆ ಕಟ್ಟಿದ ದಾರಗಳಲ್ಲಿ ಮಕ್ಕಳೇ ಮಾಡಿದ ಚಿತ್ರಗಳು. ಹದಿನೈದು ದಿನ ಬಿಟ್ಟು ಬಂದ ಹುಡುಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತಾನೆ. ಅವನಿಗೆ ನಾಚಿಕೆಪಡುವ ಕಾರಣವೇ ಇಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಇದು. ಮಕ್ಕಳು ಶಾಲೆ ತಪ್ಪಿಸಿಕೊಳ್ಳುತ್ತಾರೆಂಬ ದೂರು ಎಲ್ಲರಿಗೂ ಗೊತ್ತಿತ್ತು. ತಪ್ಪಿಸಿಕೊಂಡು ಬಂದ ಮೇಲೆ ತರಗತಿಯಲ್ಲಿ ಆ ಮಗುವಿಗೆ ಏನಾಗುತ್ತದೆಂಬುದು ಉಪಾಧ್ಯಾಯರಿಗೆ ಮಾತ್ರ ಗೊತ್ತಿತ್ತು. ಉಪಾಯವೂ ಅವರ ಅನುಭವದಿಂದಲೇ ರೂಪುಗೊಂಡಿತು. ಅವರ ಕೆಲಸದ ರೀತಿ ಬದಲಾಯಿತು. ಅದರೊಡನೆ ಶಾಲೆಯ ವಾತಾವರಣವೂ ಬದಲಾಯಿತು.

ಮುಂದೆ 2009–10ರಿಂದ ನಲಿ-ಕಲಿಯನ್ನು ಕರ್ನಾಟಕದ ಸರಕಾರಿ ಕನ್ನಡ ಪ್ರಾಥಮಿಕ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತರಿಸಲಾಯಿತು. ಉದ್ದೇಶ ಒಳ್ಳೆಯದು. ಆದರೆ ತಾವೇ ಕೂಡಿ ಮಾಡಿದ ಕಾರ್ಡಿಗೂ ಇಲಾಖೆಯಿಂದ ಕಟ್ಟು ಕಟ್ಟಿ ಬಂದ ಕಾರ್ಡಿಗೂ ಅಂತರವಿದೆ. ಮೊದಲನೆಯದರಲ್ಲಿ ಉಪಾಧ್ಯಾಯರು ಯಜಮಾನರು, ಎರಡನೆಯದರಲ್ಲಿ ಅವರು ಆಜ್ಞೆಯನ್ನು ಪಾಲಿಸುವವರು. ಎಲ್ಲಿ ಉಪಾಧ್ಯಾಯರು ಅದನ್ನು ತಮ್ಮದೆಂದು ತೆಗೆದುಕೊಂಡರೋ ಅಲ್ಲಿ ಅದು ಬೆಳಗುತ್ತದೆ. ಎಲ್ಲಿ ಹಾಗಾಗಲಿಲ್ಲವೋ ಅಲ್ಲಿ ಏಣಿ ಗೋಡೆಯ ಮೇಲೆ ಧೂಳು ತಿನ್ನುತ್ತದೆ. ಒಳ್ಳೆಯ ಪದ್ಧತಿಯೂ ಆಜ್ಞೆಯಿಂದಷ್ಟೇ ಬೇರು ಬಿಡುವುದಿಲ್ಲ.

ನಾನು ಕಂಡದ್ದು

ಇಲ್ಲಿ ನನ್ನ ಸ್ವಂತ ಅನುಭವವನ್ನು ಹೇಳಿದರೆ ವಾಚಕರು ಕ್ಷಮಿಸಬೇಕು. ಅದರಲ್ಲಿ ತಪ್ಪು ನನ್ನದೇ. ಕೆಲವು ವರ್ಷಗಳ ಹಿಂದೆ ಈ ನಗರದ ಒಂದು ಕನ್ನಡ ಶಾಲೆಯ ವ್ಯವಸ್ಥಾಪನ ಸಮಿತಿಯಲ್ಲಿ ಪೋಷಕ ಸದಸ್ಯನಾಗಿದ್ದೆ. ಬೆಳಗಿನ ಪಾಳಿಯಲ್ಲಿ ಏಳು ಗಂಟೆ ಹತ್ತು ನಿಮಿಷಕ್ಕೆ ಬಾಗಿಲು ಮುಚ್ಚುತ್ತಿದ್ದರು. ತಡವಾಗಿ ಬಂದ ಮಕ್ಕಳನ್ನು ಮನೆಗೆ ಕಳಿಸಲಾಗುತ್ತಿತ್ತು. ನಮ್ಮ ಚಾಳಿನಲ್ಲಿ ಒಬ್ಬ ಹೋಟೆಲ್ ಕೆಲಸಗಾರರ ಮಗ ನಾಲ್ಕನೆಯ ಇಯತ್ತೆಯಲ್ಲಿದ್ದ. ವಾರದಲ್ಲಿ ಮೂರು ದಿನ ಪಾಟಿಚೀಲ ಹೆಗಲಿಗೇರಿಸಿಕೊಂಡು ಮರಳಿ ಬರುತ್ತಿದ್ದ. “ಇನ್ನು ಇವನನ್ನು ಹೋಟೆಲಿಗೇ ಸೇರಿಸುತ್ತೇನೆ, ಅಣ್ಣಾ. ಹೊಟ್ಟೆಗಾದರೂ ಆಯಿತು” ಎಂದು ಅವನ ತಂದೆ ನನ್ನೊಡನೆ ಹೇಳಿದರು.

ನನಗೆ ಸಿಟ್ಟು ಬಂತು. ಉಪಾಧ್ಯಾಯರಿಗೆ ಮಕ್ಕಳ ಮೇಲೆ ಕರುಣೆಯೇ ಇಲ್ಲವೆಂದು ಮೇಲಧಿಕಾರಿಗಳಿಗೆ ಒಂದು ತಕರಾರಿನ ಅರ್ಜಿ ಬರೆದು ಸಮಿತಿಯ ಸಭೆಗೆ ಒಯ್ದೆ. ಕಾರಕೂನನ ಕೈಬರಹ, ಅರ್ಜಿ ಗಟ್ಟಿಯಾಗಿಯೇ ಇತ್ತು. ಓದಿ ಮುಗಿಸಿದಾಗ ಅಧ್ಯಕ್ಷರು, “ಬಾಯಿಯವರೇ, ನೀವೇನು ಹೇಳುತ್ತೀರಿ?” ಎಂದು ಒಬ್ಬ ಉಪಾಧ್ಯಾಯಿನಿಯನ್ನು ಕೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ತಡವಾಗಿ ಬರುವವರು ಹನ್ನೊಂದು ಮಕ್ಕಳು. ಎಲ್ಲರೂ ಒಂದೇ ಕಡೆಯವರು. ಅಲ್ಲಿ ನಳದ ನೀರು ಬರುವುದೇ ಆರೂವರೆಯ ಮೇಲೆ. ತಾಯಿ ನೀರಿಗೆ ನಿಂತರೆ ಚಿಕ್ಕ ಮಗುವನ್ನು ಈ ಮಕ್ಕಳೇ ನೋಡಿಕೊಳ್ಳಬೇಕು. ನಮಗೆ ಗೊತ್ತಿದೆ. ಆದರೆ ಹಾಜರಿ ಏಳೂಕಾಲಕ್ಕೆ ಮುಗಿಯಬೇಕೆಂದು ನಿಯಮ. ಇದುವರೆಗೆ ನಮ್ಮನ್ನು ಯಾರೂ ಕೇಳಿರಲಿಲ್ಲ.”

ನಾನು ಅದೇ ಚಾಳಿನಲ್ಲಿ ವಾಸಿಸುವವನು! ನೀರಿನ ವೇಳೆ ನನಗೆ ತಿಳಿಯದುದಲ್ಲ. ಅದನ್ನೂ ಶಾಲೆಯ ಬಾಗಿಲನ್ನೂ ಕೂಡಿಸಿ ನೋಡುವ ಬುದ್ಧಿ ನನಗಿರಲಿಲ್ಲ. ಅರ್ಜಿಯನ್ನು ಮಡಿಚಿ ಕಿಸೆಗೆ ಹಾಕಿಕೊಂಡೆ.

ಮುಂದಿನ ಅರ್ಧ ತಾಸಿನಲ್ಲಿ ಉಪಾಧ್ಯಾಯರೇ ದಾರಿ ತೋರಿಸಿದರು. ಮೊದಲನೆಯ ಅವಧಿಯಲ್ಲಿ ಗಣಿತದ ಬದಲು ಕಥೆಪುಸ್ತಕ ಓದುವ ವೇಳೆಯನ್ನಿಟ್ಟರೆ ತಡವಾಗಿ ಬಂದವರು ಸದ್ದಿಲ್ಲದೆ ಬಂದು ಕುಳಿತುಕೊಳ್ಳಬಹುದು, ಹಾಜರಿಯನ್ನು ಆ ಅವಧಿ ಮುಗಿದ ಮೇಲೆ ತೆಗೆದುಕೊಳ್ಳಬಹುದು ಎಂದರು. ಮುಖ್ಯೋಪಾಧ್ಯಾಯರು ಒಪ್ಪಿ ಮೇಲಿನವರ ಅನುಮತಿ ಪಡೆದರು. ಉಪಾಧ್ಯಾಯರು ಕೇಳಿದ್ದು ಒಂದೇ ಒಂದು ವಸ್ತು: ಬೀಗವಿರುವ ಕಪಾಟು. ಮಧ್ಯಾಹ್ನ ಅದೇ ಕೋಣೆಯಲ್ಲಿ ಬೇರೆ ಶಾಲೆ ನಡೆಯುತ್ತಿದ್ದುದರಿಂದ ಇವರು ಮಾಡಿದ ಚಿತ್ರಪಟಗಳೆಲ್ಲ ಹರಿದುಹೋಗಿ, ಮಾಡುವುದನ್ನೇ ಬಿಟ್ಟಿದ್ದರು. “ಮಾಸ್ತರರು ಏನೂ ಮಾಡುವುದಿಲ್ಲ” ಎಂಬ ನಮ್ಮ ದೂರಿನ ಮೂಲ ಇದು! ಪೋಷಕರು ವಂತಿಗೆ ಕೂಡಿಸಿ ಒಂದು ಹಳೆಯ ಉಕ್ಕಿನ ಕಪಾಟು ಕೊಂಡುಕೊಟ್ಟೆವು.

ಇದರಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಆ ಹನ್ನೊಂದು ಮಕ್ಕಳಲ್ಲಿ ಇಬ್ಬರು ಆ ವರ್ಷವೇ ಶಾಲೆ ಬಿಟ್ಟರು. ಆದರೆ ಹೋಟೆಲ್ ಕೆಲಸಗಾರರ ಮಗ ಏಳನೆಯ ಇಯತ್ತೆ ಮುಗಿಸಿ ಮುಂದಿನ ಶಾಲೆಗೆ ಹೋದ.

ಕಾಯದೆ ಏನು ಹೇಳುತ್ತದೆ

ಇಂಥ ಸಮಿತಿ ಯಾರದೋ ದಯೆಯಿಂದ ಬಂದುದಲ್ಲ. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯದೆಯ 21ನೆಯ ಕಲಮಿನಂತೆ ಸರಕಾರದ ಹಾಗೂ ನಗರಪಾಲಿಕೆಯಂಥ ಸ್ಥಳೀಯ ಸಂಸ್ಥೆಗಳ ಪ್ರಾಥಮಿಕ ಶಾಲೆಗಳಲ್ಲಿ ಶಾಲಾ ವ್ಯವಸ್ಥಾಪನ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆ-ತಾಯಂದಿರು ಅಥವಾ ಪೋಷಕರು. ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರು. ಉಳಿದವರಲ್ಲಿ ಆ ಶಾಲೆಯ ಉಪಾಧ್ಯಾಯರಿಗೂ ಸ್ಥಾನವಿದೆ. 22ನೆಯ ಕಲಮಿನಂತೆ ಈ ಸಮಿತಿಯು ಶಾಲೆಯ ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸಬೇಕು. ಕರ್ನಾಟಕದಲ್ಲಿ ಇದಕ್ಕೂ ಮೊದಲೇ, 2001ರಿಂದ, ಶಾಲಾಭಿವೃದ್ಧಿ ಸಮಿತಿಗಳಿವೆ.

ಉಪಾಧ್ಯಾಯರ ಕೆಲಸದ ಬಗ್ಗೆಯೂ ಕಾಯದೆಯಲ್ಲಿ ಸ್ಪಷ್ಟವಾದ ಮಾತುಗಳಿವೆ. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಉಪಾಧ್ಯಾಯರಿರಬೇಕು. ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬರಾದರೂ ಬೇಕು. ಒಬ್ಬ ಉಪಾಧ್ಯಾಯರಿಗೆ ಒಂದು ಕೋಣೆಯಾದರೂ ಇರಬೇಕು. ವಾರಕ್ಕೆ 45 ತಾಸುಗಳ ಕೆಲಸವೆಂದು ಹೇಳಿದೆ. ಆ 45ರಲ್ಲಿ ಪಾಠದ ಸಿದ್ಧತೆಯ ವೇಳೆಯೂ ಸೇರಿದೆ ಎಂಬುದನ್ನು ಗಮನಿಸಬೇಕು. ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರಬಾರದು. 27ನೆಯ ಕಲಮಿನಂತೆ ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ಚುನಾವಣೆ, ನೆರೆ-ಬರಗಳಂಥ ವಿಪತ್ತಿನ ಪರಿಹಾರ, ಇವುಗಳ ಹೊರತು ಬೇರೆ ಶಾಲೇತರ ಕೆಲಸಗಳಿಗೆ ಉಪಾಧ್ಯಾಯರನ್ನು ಕಳಿಸಕೂಡದು. ಇದರೊಂದಿಗೆ ಉಪಾಧ್ಯಾಯರ ಮೇಲೂ ಕಟ್ಟುಗಳಿವೆ: ವೇಳೆಗೆ ಸರಿಯಾಗಿ ಬರಬೇಕು, ಖಾಸಗಿ ಟ್ಯೂಷನ್ ಹೇಳಬಾರದು, ಮಕ್ಕಳನ್ನು ಹೊಡೆಯಬಾರದು, ಮನಸ್ಸು ನೋಯಿಸಬಾರದು.

ಇನ್ನೊಂದು ಸಂಗತಿಯಿದೆ. ನಮ್ಮ ಸಂವಿಧಾನದ 171ನೆಯ ವಿಧಿಯು ವಿಧಾನ ಪರಿಷತ್ತಿನ ಹನ್ನೆರಡರಲ್ಲಿ ಒಂದು ಪಾಲು ಸ್ಥಾನಗಳನ್ನು ಉಪಾಧ್ಯಾಯರ ಮತದಿಂದ ತುಂಬಬೇಕೆನ್ನುತ್ತದೆ. ಕರ್ನಾಟಕದಲ್ಲಿ 7, ಮಹಾರಾಷ್ಟ್ರದಲ್ಲಿಯೂ 7 ಇಂಥ ಸ್ಥಾನಗಳಿವೆ. ಆದರೆ ಈ ಮತ ಮಾಧ್ಯಮಿಕ ಶಾಲೆ ಹಾಗೂ ಅದಕ್ಕಿಂತ ಮೇಲಿನ ಉಪಾಧ್ಯಾಯರಿಗೆ ಮಾತ್ರ. ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವವರಿಗೆ ಅದು ಇಲ್ಲ. ಆದುದರಿಂದ ಅವರ ದನಿ ಕೇಳಿಸಬೇಕಾದರೆ ಶಾಲೆಯ ಒಳಗೇ ಅದಕ್ಕೆ ಜಾಗವಿರುವುದು ಇನ್ನಷ್ಟು ಅವಶ್ಯ.

ಕೆಲವು ಎಚ್ಚರಿಕೆಗಳು

ಉಪಾಧ್ಯಾಯರನ್ನು ಸೇರಿಸಿಕೊಳ್ಳುವುದೆಂದರೆ ಇನ್ನೊಂದು ಸಭೆ, ಇನ್ನೊಂದು ತಖ್ತೆ ಎಂದಾಗಬಾರದು. ಮೊದಲೇ ತೀರ್ಮಾನ ಮಾಡಿಟ್ಟು, ಕಡೆಗೆ “ನಿಮ್ಮ ಅಭಿಪ್ರಾಯವೇನು?” ಎಂದು ಕೇಳಿ ಸಹಿ ಹಾಕಿಸಿಕೊಳ್ಳುವುದು ಕೇಳದಿರುವುದಕ್ಕಿಂತ ಕೆಟ್ಟದು. ಒಮ್ಮೆ ಹಾಗಾದರೆ ಮರುಸಲ ಯಾರೂ ಬಾಯಿ ಬಿಡುವುದಿಲ್ಲ. ಸೂಚನೆಯೊಂದು ಬಂದರೆ ಅದನ್ನು ಮಾಡಬೇಕು. ಆಗದಿದ್ದರೆ ಏಕೆ ಆಗದೆಂದು ಹೇಳಬೇಕು.

ಉಪಾಧ್ಯಾಯರು ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ಅವರಲ್ಲಿಯೂ ಮೈಗಳ್ಳರಿದ್ದಾರೆ, ಎಲ್ಲ ಕಸುಬಿನಲ್ಲಿ ಇರುವಂತೆ. ಅವರ ಅನುಕೂಲಕ್ಕೂ ಮಗುವಿನ ಅನುಕೂಲಕ್ಕೂ ಎಂದಾದರೂ ಘರ್ಷಣೆ ಬಂದರೆ ಮಗುವಿನ ಪಕ್ಷವನ್ನೇ ಹಿಡಿಯಬೇಕು. ಆದರೆ ಪೋಷಕರು ಇನ್‌ಸ್ಪೆಕ್ಟರರಂತೆ ಹೋಗಿ ನಿಂತರೆ ಒಳ್ಳೆಯ ಉಪಾಧ್ಯಾಯರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಮೈಗಳ್ಳರು ಮಾತ್ರ ಕಾಗದಗಳನ್ನು ಸರಿಯಾಗಿಟ್ಟುಕೊಂಡು ಪಾರಾಗುತ್ತಾರೆ.

ನಾವೇನು ಮಾಡಬಹುದು

“ನಮಗೆ ಪಾಳಿಯ ಕೆಲಸ, ಸಭೆಗೆ ಹೋಗುವುದು ಹೇಗೆ?” ಎಂದು ಕೇಳಬಹುದು. ನಿಜವಾದ ತೊಂದರೆಯೇ. ಸಮಿತಿಯ ಸಭೆ ಕೆಲಸದ ದಿನ ಮಧ್ಯಾಹ್ನ ಇಟ್ಟರೆ ದುಡಿಯುವವರು ಬರಲಾರರು. ಬಿಡುವಿನ ದಿನವೋ ಸಂಜೆಯೋ ಇಡಬೇಕೆಂದು ಹತ್ತು ಮಂದಿ ಸಹಿ ಮಾಡಿ ಒಂದು ಕಾಗದ ಕೊಡಬಹುದು. ಮನೆಯ ಹೆಂಗಸರು ಹೋಗಬಹುದು. ಕಾಯದೆಯೇ ಅವರಿಗೆ ಅರ್ಧ ಪಾಲು ಕೊಟ್ಟಿದೆ. ಮಕ್ಕಳು ಊರಲ್ಲಿದ್ದರೆ ದೀಪಾವಳಿಗೋ ಜಾತ್ರೆಗೋ ಹೋದಾಗ, ಶಾಲೆ ತೆರೆದಿರುವ ಒಂದು ದಿನ ಮಾಸ್ತರರನ್ನು ಕಂಡು ಬರಬಹುದು.

ಹೋದಾಗ “ನನ್ನ ಮಗ ಏಕೆ ಹಿಂದೆ ಬಿದ್ದ?” ಎಂದು ಮೊದಲೇ ಎರಗಬೇಡಿ. ಈ ನಾಲ್ಕು ಪ್ರಶ್ನೆಗಳನ್ನು ಕೇಳಿ ನೋಡಿ. ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳು, ಅವರಲ್ಲಿ ಎಷ್ಟು ಮಂದಿಗೆ ಓದಲು ಕಷ್ಟ? ಪಾಠ ಬಿಟ್ಟು ಬೇರೆ ಯಾವ ಕೆಲಸಕ್ಕೆ ನಿಮ್ಮ ವೇಳೆ ಹೋಗುತ್ತದೆ? ಈ ಶಾಲೆಯಲ್ಲಿ ಒಂದು ಸಂಗತಿಯನ್ನು ಬದಲಿಸಬಹುದಾದರೆ ಯಾವುದನ್ನು ಬದಲಿಸುತ್ತೀರಿ? ಅದಕ್ಕೆ ಪೋಷಕರಿಂದ ಏನು ಆಗಬೇಕು? ಉತ್ತರಗಳನ್ನು ಬರೆದಿಟ್ಟುಕೊಂಡು ಸಮಿತಿಯ ಮುಂದಿಡಿ. ಕಪಾಟಿನಂಥ ಕೆಲಸಗಳನ್ನು ನಾವೇ ಮಾಡಬಹುದು. ಖಾಲಿ ಹುದ್ದೆ, ಹೆಚ್ಚುವರಿ ಕೆಲಸ, ಕೋಣೆಯ ಕೊರತೆ ಇವುಗಳಿಗೆ ಕಾಯದೆಯ ಕಲಮನ್ನು ಕಾಣಿಸಿ ಅರ್ಜಿ ಬರೆಯಬೇಕು. ಉಪಾಧ್ಯಾಯರು ತಾವೇ ಬರೆದರೆ ಅವರಿಗೆ ತೊಂದರೆಯಾಗಬಹುದು. ಪೋಷಕರು ಬರೆದರೆ ಅದು ಹಕ್ಕಿನ ಮಾತಾಗುತ್ತದೆ.

ಅರ್ಜಿ ಬರೆಯಲು ಬಾರದವರಿಗೆ ನಮ್ಮ ವಾಚನಾಲಯದಲ್ಲಿ ಮೇಜಿದೆ, ಕಾಗದವಿದೆ, ಬರೆದುಕೊಡುವ ಕಾರಕೂನರೂ ಇದ್ದೇವೆ. ಒಂದೇ ಒಂದು ಷರತ್ತು: ಅರ್ಜಿಗೆ ಮೊದಲು ಉಪಾಧ್ಯಾಯರನ್ನು ಒಂದು ಮಾತು ಕೇಳಿ ಬನ್ನಿ. ಕೇಳದೆ ಬರೆದ ಅರ್ಜಿಯೊಂದು ನನ್ನ ಪೆಟ್ಟಿಗೆಯಲ್ಲಿ ಇಂದಿಗೂ ಇದೆ.